ನೆತ್ತಿಯ ಕಲ್ಲೊಂದೇ ಸೇತುವೆಯನ್ನು ಹೊತ್ತಿದೆಯಾ?

ಪ್ರಶ್ನೆ: ಸ್ಕಾಟ್ಲೆಂಡಿನ ಕಲೋಡನ್ ರೈಲು ಸೇತುವೆಯ ಫೋಟೋ ನೋಡಿದೆ. ಕಮಾನಿನ ನೆತ್ತಿಯಲ್ಲಿರುವ ಕಲ್ಲೇ ಎಲ್ಲ ಭಾರ ಹೊರುತ್ತದಂತೆ. ನಿಜವಾ?

ಇಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಈ ಸಲ ನಿಧಾನವಾಗಿ, ಪೂರ್ತಿ ಹೇಳುತ್ತೇನೆ.

ಕಮಾನು ಕಟ್ಟುವಾಗ ಮೊದಲು ಮರದ ಸೆಂಟ್ರಿಂಗ್ ನಿಲ್ಲಿಸುತ್ತಾರೆ. ಮನೆಗೆ ತಾರಸಿ ಹಾಕಿಸಿದವರಿಗೆ ಇದು ಗೊತ್ತು. ಅದರ ಮೇಲೆ ಎರಡೂ ಕಡೆಯಿಂದ ಕಲ್ಲು ಜೋಡಿಸುತ್ತಾ ಮೇಲಕ್ಕೆ ಬರುತ್ತಾರೆ. ಎರಡೂ ಸಾಲು ಸೇರುವುದು ನೆತ್ತಿಯಲ್ಲಿ. ಕೊನೆಯ ಕಲ್ಲು ಕೂರುವ ಜಾಗ ಅದು. ಅಲ್ಲಿಯವರೆಗೆ ಭಾರವೆಲ್ಲ ಮರದ ಮೇಲೆ. ಆ ಕಲ್ಲು ಕೂತ ಮೇಲೆ ಸೆಂಟ್ರಿಂಗ್ ಬಿಚ್ಚಿದರೂ ಕಮಾನು ನಿಲ್ಲುತ್ತದೆ. ನೋಡಿದವರು ಆ ಕಲ್ಲಿಗೇ ಎಲ್ಲ ಹೆಸರು ಕೊಟ್ಟುಬಿಟ್ಟರು!

ಆದರೆ ಅದು ಮಾಡಿದ್ದು ಸಾಲನ್ನು ಪೂರ್ತಿ ಮಾಡುವ ಕೆಲಸ, ಅಷ್ಟೇ. ಕಮಾನಿನಲ್ಲಿ ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ಒತ್ತುತ್ತದೆ. ಹೀಗೆ ಒತ್ತುತ್ತಾ ಭಾರ ಕಂಬಕ್ಕೆ ಇಳಿಯುತ್ತದೆ. ಕೆಳಗೆ ಬಂದಷ್ಟೂ ಮೇಲಿನ ಕಲ್ಲುಗಳ ತೂಕ ಸೇರಿಕೊಳ್ಳುತ್ತದೆ, ಒತ್ತಡ ಜಾಸ್ತಿಯಾಗುತ್ತದೆ. ಸೇತುವೆಯ ಸ್ವಂತ ತೂಕವನ್ನಷ್ಟೇ ತೆಗೆದುಕೊಂಡರೆ, ಎಲ್ಲಕ್ಕಿಂತ ಕಡಿಮೆ ಒತ್ತಡ ಇರುವುದೇ ನೆತ್ತಿಯಲ್ಲಿ. ಸಾಲಿನ ಬೇರೆ ಯಾವ ಕಲ್ಲು ಕಿತ್ತರೂ ಅಪಾಯ ಅಷ್ಟೇ. ಇನ್ನೂ ಅನುಮಾನವೇ? ಯುರೋಪಿನ ಹಳೆಯ ಗೋಥಿಕ್ ಚರ್ಚುಗಳ ಚೂಪು ಕಮಾನು ನೋಡಿ. ಎಷ್ಟೋ ಕಮಾನುಗಳ ನೆತ್ತಿಯಲ್ಲಿ ಕಲ್ಲೇ ಇಲ್ಲ, ಬರೀ ಸಂದು ಇದೆ. ಅವು ನೂರಾರು ವರ್ಷದಿಂದ ನಿಂತಿವೆ ಅಲ್ವಾ?

ನೋಡಬೇಕಾದ್ದು ಕಂಬಗಳನ್ನು. ಕಮಾನು ಕೆಳಕ್ಕಷ್ಟೇ ಅಲ್ಲ, ಪಕ್ಕಕ್ಕೂ ತಳ್ಳುತ್ತದೆ. ಎಡದ ಕಮಾನು ಬಲಕ್ಕೆ, ಬಲದ್ದು ಎಡಕ್ಕೆ. ಎರಡೂ ಸಮ ಇದ್ದರೆ ಕಂಬ ತೆಳ್ಳಗಿದ್ದರೂ ನಡೆಯುತ್ತದೆ. ಕಲೋಡನ್‌ನಲ್ಲಿ 29 ಕಮಾನುಗಳಿವೆ. 28 ಕಮಾನು ತಲಾ 50 ಅಡಿ ಅಗಲ. ನೇರ್ನ್ ನದಿಯ ಮೇಲಿನದು ಮಾತ್ರ 100 ಅಡಿ. ದೊಡ್ಡದರ ತಳ್ಳಾಟ ಜಾಸ್ತಿ, ಹಾಗಾಗಿ ಅದರ ಅಕ್ಕಪಕ್ಕದ ಕಂಬಗಳಿಗೆ ಹೆಚ್ಚು ಬಲ ಬೇಕು. ಆ ಜಾಗದ ಲೆಕ್ಕ ನನಗೆ ತುಂಬಾ ಇಷ್ಟ.

ಅಂದಹಾಗೆ, ಅಷ್ಟು ಚಿಕ್ಕ ನದಿಗೆ ಸುಮಾರು 1,800 ಅಡಿ ಸೇತುವೆ ಯಾಕೆ ಎಂದು ಯಾರೂ ಕೇಳುವುದಿಲ್ಲ. ನದಿ ಚಿಕ್ಕದು, ಕಣಿವೆ ಅಗಲ. ರೈಲು ಬಸ್ಸಿನ ಹಾಗೆ ಕಡಿದಾದ ಇಳಿಜಾರಿನಲ್ಲಿ ಇಳಿದು ಹತ್ತಲಾರದು. ಅದಕ್ಕೇ ಹಳಿಯನ್ನು ಈ ದಡದಿಂದ ಆ ದಡಕ್ಕೆ ಎತ್ತರದಲ್ಲೇ ಸಾಗಿಸಬೇಕಾಯಿತು. ಕೆಂಪು ಮರಳುಗಲ್ಲಿನ ಈ ಸೇತುವೆಯ ಮೇಲೆ ರೈಲು ಓಡಾಟ 1898ರಲ್ಲಿ ಶುರುವಾಯಿತು. ಎಂಜಿನಿಯರ್ ಮರ್ಡಾಕ್ ಪ್ಯಾಟರ್ಸನ್ ಅದೇ ವರ್ಷ, ಅದಕ್ಕೂ ಮುಂಚೆಯೇ ತೀರಿಕೊಂಡರು. ಪರ್ತ್‌ನಿಂದ ಇನ್ವರ್ನೆಸ್‌ಗೆ ಹೋಗುವ ರೈಲು ಇವತ್ತಿಗೂ ಅದರ ಮೇಲೆಯೇ ಓಡುತ್ತದೆ.