ಕೋಸ್ಟಿಯರಿಂಗ್: ಹಾರುವ ಆಟವಲ್ಲ, ಹತ್ತಿ ಬರುವ ಆಟ

ಬಂಡೆಗಲ್ಲಿನ ಕಡಲಂಚನ್ನೇ ದಾರಿ ಮಾಡಿಕೊಂಡು, ದೋಣಿಯಿಲ್ಲದೆ, ಮೇಲಿನ ಕಾಲುದಾರಿಯನ್ನೂ ಬಿಟ್ಟು ಸಾಗುವ ಸಾಹಸಕ್ಕೆ ಕೋಸ್ಟಿಯರಿಂಗ್ ಎನ್ನುತ್ತಾರೆ. ಕೈಗೆ ಹಿಡಿತ ಸಿಕ್ಕಲ್ಲಿ ಬಂಡೆ ಹತ್ತುವುದು, ಅಂಚು ಹಿಡಿದು ಅಡ್ಡಡ್ಡ ಸರಿಯುವುದು, ಹಿಡಿತ ಮುಗಿದಲ್ಲಿ ನೀರಿಗಿಳಿದು ಈಜುವುದು, ಗುಹೆಯಿದ್ದರೆ ಒಳಹೊಕ್ಕು ಬರುವುದು, ಆಳವಿದ್ದಲ್ಲಿ ಹಾರುವುದು ಎಲ್ಲವೂ ಇದರಲ್ಲಿ ಸೇರಿವೆ. ಮೌಂಟನಿಯರಿಂಗ್ ಪದದ ಬಾಲವನ್ನು ತಂದು ಕೋಸ್ಟ್‌ಗೆ ಅಂಟಿಸಿದ ಹೆಸರಿದು. ಹಗ್ಗ ಬಳಸುವುದು ಅಪರೂಪ. ಕಾಲು ಜಾರಿದರೆ ಬೀಳುವುದು ನೀರಿಗೆ ಎಂಬುದೇ ಇದರ ಲೆಕ್ಕಾಚಾರ.

ರೀಲ್ಸ್‌ಗಳಲ್ಲಿ ಕಾಣಿಸುವುದು ಮಾತ್ರ ಹಾರುವ ದೃಶ್ಯವೊಂದೇ. ಅದನ್ನು ನೋಡಿ ಇದನ್ನು ಎತ್ತರದಿಂದ ನೀರಿಗೆ ಧುಮುಕುವ ಹುಚ್ಚಾಟ ಎಂದುಕೊಂಡವರೇ ಹೆಚ್ಚು. ಕಂಡ ಕಂಡ ಬಂಡೆಯಿಂದ ಹಾಗೆ ಹಾರುವುದಕ್ಕೆ ಬ್ರಿಟನ್ನಿನಲ್ಲಿ ಬೇರೆಯದೇ ಹೆಸರಿದೆ, ಟೂಂಬ್‌ಸ್ಟೋನಿಂಗ್. ಗೋರಿಕಲ್ಲು ಎಂಬ ಅರ್ಥ ಸುಮ್ಮನೆ ಬಂದದ್ದಲ್ಲ.

ಕಲ್ಪನೆ ಹಳೆಯದು. ಇಂಗ್ಲೆಂಡಿನ ನೈರುತ್ಯ ತುದಿಯ ಕಾರ್ನ್‌ವಾಲ್‌ನಲ್ಲಿ ಕಡಲಬಂಡೆ ಹತ್ತುವುದನ್ನು ರೂಢಿಗೆ ತಂದವರಲ್ಲಿ ಎ. ಡಬ್ಲ್ಯು. ಆ್ಯಂಡ್ರೂಸ್ ಮೊದಲಿಗರು. ಭರತದ ಗೆರೆಗೂ ಇಳಿತದ ಗೆರೆಗೂ ನಡುವೆಯೇ ಸಾಗಿ ಬ್ರಿಟನ್ನಿನ ಇಡೀ ಕರಾವಳಿಯನ್ನು ಸುತ್ತಿಬರಬೇಕೆಂಬುದು ಅವರ ಕನಸಾಗಿತ್ತು. ಕೋಸ್ಟಿಯರಿಂಗ್ ಎಂಬ ಪದ ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1973ರಲ್ಲಿ, ಜಾನ್ ಕ್ಲೇರ್ ಮತ್ತು ರಾಬಿನ್ ಕಾಲಂಬ್ ಕಡಲಬಂಡೆ ಏರುವುದರ ಬಗ್ಗೆ ಬರೆದ ಪುಸ್ತಕದಲ್ಲಿ. ದುಡ್ಡು ಕೊಟ್ಟು, ಗೈಡ್ ಹಿಡಿದು ಹೋಗುವ ಚಟುವಟಿಕೆಯಾಗಿ ಇದು ಬೆಳೆದದ್ದು 1980ರ ದಶಕದಲ್ಲಿ, ವೇಲ್ಸ್‌ನ ಪೆಂಬ್ರೋಕ್‌ಶೈರ್ ಕರಾವಳಿಯಲ್ಲಿ. ಅಲ್ಲಿನ ಸೇಂಟ್ ಡೇವಿಡ್ಸ್ ಬ್ರಿಟನ್ನಿನ ಅತಿ ಚಿಕ್ಕ ನಗರ. ಆಂಡಿ ಮಿಡಲ್‌ಟನ್ ಅವರ ಟಿವೈಎಫ್ ಸಂಸ್ಥೆ ಈ ಆಟವನ್ನು ಅಲ್ಲಿಂದಲೇ ಜನರಿಗೆ ಮುಟ್ಟಿಸಿತು.

ಪೆಂಬ್ರೋಕ್‌ಶೈರ್‌ಗೇ ಯಾಕೆ ಇದು ಒಗ್ಗಿತು ಎಂದರೆ, ಅಟ್ಲಾಂಟಿಕ್‌ನ ಅಲೆಗಳು ಕೊರೆದ ಗುಹೆ, ಕಮಾನು, ಇಕ್ಕಟ್ಟಾದ ಕಂದರಗಳು ಅಲ್ಲಿ ಒತ್ತೊತ್ತಾಗಿವೆ. ಅಬೆರೈಡಿ ಎಂಬಲ್ಲಿ ಹಳೆಯ ಸ್ಲೇಟ್ ಕಲ್ಲಿನ ಕ್ವಾರಿಯೊಂದಿದೆ. ಗಣಿಗಾರಿಕೆ ನಿಂತ ಮೇಲೆ ಅದರ ಕಡಲ ಕಡೆಯ ಗೋಡೆ ಒಡೆದು ನೀರು ಬಿಟ್ಟರು. ಈಗ ಅದು ಬ್ಲೂ ಲಗೂನ್. ರೆಡ್ ಬುಲ್ ಕ್ಲಿಫ್ ಡೈವಿಂಗ್ ಸ್ಪರ್ಧೆಯೂ ಅಲ್ಲಿ ನಡೆದಿದೆ.

ಕೋಸ್ಟಿಯರಿಂಗ್‌ನಲ್ಲಿ ಕಲಿಯುವುದೆಲ್ಲ ನೀರಿಗೂ ಬಂಡೆಗೂ ನಡುವಿನ ಆ ಕೆಲವು ಮೀಟರ್ ಪಟ್ಟಿಯಲ್ಲಿದೆ. ಬಾರ್ನಕಲ್ ಎಂಬ ಚೂಪು ಚಿಪ್ಪಿನ ಪುಟ್ಟ ಜೀವಿಗಳು ಕಚ್ಚಿಕೊಂಡಿರುವ ಬಂಡೆ ಶೂಗೆ ಒಳ್ಳೆಯ ಹಿಡಿತ ಕೊಡುತ್ತದೆ, ಆದರೆ ಬರಿಗೈ ಬರಿಮಂಡಿಗೆ ಅದು ತುರಿಮಣೆಯಂತೆ. ಪಾಚಿ, ಕಡಲಕಳೆ ಇದ್ದಲ್ಲಿ ಕಾಲಿಟ್ಟರೆ ಜಾರಿದಂತೆಯೇ. ಹೀಗಾಗಿ ಮೈಗಂಟುವ ದಪ್ಪ ರಬ್ಬರ್ ಉಡುಪಾದ ವೆಟ್‌ಸೂಟ್, ಹೆಲ್ಮೆಟ್, ತೇಲಿಸುವ ಜಾಕೆಟ್, ಹಳೆಯ ಶೂ, ವೆಟ್‌ಸೂಟಿನ ಕುಂಡೆ ಸವೆಯದಂತೆ ಮೇಲೊಂದು ಹಳೆಯ ಚಡ್ಡಿ. ಹೊಸ ಶೂ ಹಾಕಿಕೊಂಡು ಬಂದವರನ್ನು ನೋಡಿದರೆ ಪಾಪ ಎನಿಸುತ್ತದೆ.

ನೀರಿಗಿಳಿಯುವುದು ಯಾರಿಂದಲೂ ಆದೀತು. ಮೇಲೆ ಬರುವುದೇ ವಿದ್ಯೆ. ಅಲೆಗಳು ಒಂದೇ ಅಳತೆಯಲ್ಲಿ ಬರುವುದಿಲ್ಲ. ಸಣ್ಣವು ಹಲವು ಬಂದು, ಆಮೇಲೆ ದೊಡ್ಡವು ಒಂದರ ಬೆನ್ನಿಗೊಂದು ಬರುತ್ತವೆ. ಆದ್ದರಿಂದ ಗೈಡ್ ಮೊದಲು ಸುಮ್ಮನೆ ನಿಂತು ನೋಡುತ್ತಾನೆ. ಹತ್ತುವಾಗ ಅಲೆ ಮೈಯನ್ನು ಮೇಲೆತ್ತಿದ ಕ್ಷಣದಲ್ಲಿ ಬಂಡೆ ಹಿಡಿಯಬೇಕು, ಅದು ಕುಸಿಯುವ ಮುನ್ನ ಕಾಲು ಊರಿರಬೇಕು. ತಡವಾಯಿತೋ, ಹಟ ಹಿಡಿಯದೆ ಬಂಡೆಯನ್ನು ಒದ್ದು ದೂರ ಸರಿದು ಮುಂದಿನ ಅಲೆಗೆ ಕಾಯುವುದು. ಅರ್ಧ ಹತ್ತಿ ನೇತಾಡುವವನನ್ನೇ ಇಳಿಯುವ ನೀರು ಬಾರ್ನಕಲ್‌ಗಳ ಮೇಲೆ ಉಜ್ಜಿಕೊಂಡು ಹೋಗುತ್ತದೆ.

ಇನ್ನು ಹಾರುವುದರ ಲೆಕ್ಕ. ಹತ್ತು ಮೀಟರ್ ಎತ್ತರದಿಂದ ಬಿದ್ದ ದೇಹ ನೀರನ್ನು ಮುಟ್ಟುವಾಗ ವೇಗ ಗಂಟೆಗೆ ಸುಮಾರು 50 ಕಿಲೋಮೀಟರ್. ಎತ್ತರದ ಅರ್ಧದಷ್ಟಾದರೂ ಆಳವಿರಬೇಕು ಎಂಬುದು ಬ್ರಿಟನ್ನಿನಲ್ಲಿ ಹೇಳಿಕೊಡುವ ಕನಿಷ್ಠ ನಿಯಮ. ಈಗ ಇದಕ್ಕೆ ಭರತ-ಇಳಿತ ಸೇರಿಸಿ. ಪೆಂಬ್ರೋಕ್‌ಶೈರ್‌ನ ಮಿಲ್ಫರ್ಡ್ ಹೇವನ್‌ನಲ್ಲಿ ಹುಣ್ಣಿಮೆ-ಅಮಾವಾಸ್ಯೆಗಳ ಆಸುಪಾಸು ನೀರು ಆರು ಮೀಟರಿಗೂ ಹೆಚ್ಚು ಏರಿಳಿಯುತ್ತದೆ. ತುಂಬಿದಾಗ ಒಂದು ಬಂಡೆ ನೀರಿನಿಂದ ನಾಲ್ಕು ಮೀಟರ್ ಎತ್ತರ, ಕೆಳಗೆ ಎಂಟು ಮೀಟರ್ ಆಳ ಎಂದುಕೊಳ್ಳಿ. ಆರು ಗಂಟೆ ಕಳೆದು ಬಂದರೆ ಅದೇ ಬಂಡೆ ಹತ್ತು ಮೀಟರ್ ಎತ್ತರ, ಕೆಳಗೆ ಉಳಿದಿರುವುದು ಎರಡೇ ಮೀಟರ್! ಎತ್ತರ ಹೆಚ್ಚಿದಂತೆ ಆಳ ತಗ್ಗುತ್ತದೆ. ನಿನ್ನೆ ಇಲ್ಲಿಂದಲೇ ಹಾರಿದ್ದೆವು ಎಂಬ ಮಾತಿಗೆ ಬೆಲೆಯಿಲ್ಲದಿರುವುದು ಇದಕ್ಕೇ. ಬಲ್ಲ ಗೈಡ್ ಹಾರಿಸುವ ಮುನ್ನ ತಾನೇ ಈಜಿ, ಮುಳುಗಿ ಆಳ ನೋಡಿರುತ್ತಾನೆ.

ವೇಲ್ಸ್‌ನಲ್ಲಿ ಇನ್ನೊಂದು ವೈರಿ ಚಳಿ. ಬೇಸಿಗೆಯಲ್ಲೂ ಅಲ್ಲಿನ ಕಡಲು ಸುಮಾರು 16-17 ಡಿಗ್ರಿ. ತಣ್ಣೀರಿಗೆ ಬಿದ್ದೊಡನೆ ಉಸಿರು ಸಿಕ್ಕಿಹಾಕಿಕೊಂಡು ಬಾಯಿ ತಾನಾಗಿ ತೆರೆಯುತ್ತದೆ, ಆಗ ಈಜಲು ಹೋಗದೆ ಮಲಗಿ ತೇಲಿ ಎಂದು ಅಲ್ಲಿನ ಜೀವರಕ್ಷಕ ಸಂಸ್ಥೆ ಆರ್‌ಎನ್‌ಎಲ್‌ಐ ಹೇಳುತ್ತದೆ. ಶರತ್ಕಾಲದಲ್ಲಿ ಬೂದು ಸೀಲ್‌ಗಳು ಗುಹೆ-ಕೊಲ್ಲಿಗಳಲ್ಲಿ ಮರಿ ಹಾಕುವುದರಿಂದ ಗೈಡ್‌ಗಳು ಅಂಥ ಜಾಗಗಳನ್ನು ಬಿಟ್ಟು ದಾರಿ ಬದಲಿಸುತ್ತಾರೆ. ವಸಂತದಲ್ಲಿ ಗೂಡು ಕಟ್ಟುವ ಕಡಲಹಕ್ಕಿಗಳಿಗೂ ಹಾಗೆಯೇ.

ನಮ್ಮ ಕರಾವಳಿಯ ಮಾತಿಗೆ ಬಂದರೆ, ಗೋಕರ್ಣದಲ್ಲಿ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳನ್ನು ಜೋಡಿಸುವ ಜನಪ್ರಿಯ ನಡಿಗೆ ಕೋಸ್ಟಿಯರಿಂಗ್ ಅಲ್ಲ. ಅದು ಗುಡ್ಡದ ಮೇಲಿನ ಬೀಚ್ ಟ್ರೆಕ್. ಅದೇ ಗುಡ್ಡಗಳ ಬುಡದಲ್ಲಿ, ಅಲೆ ಬಡಿಯುವ ಬಂಡೆಗಳ ಮೇಲೆ ಸಾಗಿದರೆ ಆಗ ಹೌದು. ನಮ್ಮಲ್ಲಿ ನೀರು ಬೆಚ್ಚಗಿದೆ, ಕಾರವಾರದ ಕಡೆ ಏರಿಳಿತವೂ ಎರಡು ಮೀಟರ್ ಆಸುಪಾಸಿನದು. ಆದರೆ ಮಳೆಗಾಲದ ಕಡಲು ಬೇರೆಯೇ. ಜೂನ್ 1ರಿಂದ ಜುಲೈ ಕೊನೆಯವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೇ ನಿಷೇಧ. ಮೀನು ಮರಿ ಮಾಡುವ ಕಾಲ ಎಂಬುದು ಅದರ ಮುಖ್ಯ ಕಾರಣವಾದರೂ, ದೋಣಿಗಳೇ ದಡ ಸೇರಿರುವ ಹೊತ್ತಿನಲ್ಲಿ ಸೆಲ್ಫಿಗೆಂದು ಬಂಡೆಯ ತುದಿಗೆ ಹೋಗುವುದು ನನಗಂತೂ ಅರ್ಥವಾಗದು.

ನಮ್ಮಲ್ಲಿ ಈ ವಿದ್ಯೆ ಬಲ್ಲವರು ಇಲ್ಲವೆಂದಲ್ಲ. ಬಂಡೆಗೆ ಅಂಟಿದ ಪಚ್ಚಿಲೆ ಎಂಬ ಚಿಪ್ಪುಜೀವಿಯನ್ನು ಕೀಳುವವರು ಇಳಿತದ ಹೊತ್ತು ನೋಡಿ ಇಳಿಯುತ್ತಾರೆ, ಅಲೆಗೆ ಬೆನ್ನು ಕೊಡುವುದಿಲ್ಲ. ಅಷ್ಟಮಿಯ ಹೊತ್ತಿಗೆ ನೀರಿನ ಏರಿಳಿತ ಕಡಿಮೆ ಎಂಬುದು ಅವರಿಗೆ ಯಾವ ಆ್ಯಪ್ ನೋಡದೆಯೂ ಗೊತ್ತು. ಬೆಂಗಳೂರಿನಿಂದ ವಾರಾಂತ್ಯಕ್ಕೆ ಕೋಸ್ಟಿಯರಿಂಗ್ ಎಂದು ಕರೆದೊಯ್ಯುವವರು ಸಿಕ್ಕರೆ ಬಂಡೆ ಎಷ್ಟು ಎತ್ತರ ಎಂದು ಕೇಳಬೇಡಿ. ಅಂದು ಇಳಿತ ಎಷ್ಟು ಗಂಟೆಗೆ, ನೀರಿನಿಂದ ಮೇಲೆ ಬರುವ ಜಾಗ ಯಾವುದು, ಅದು ಕೈಕೊಟ್ಟರೆ ಎರಡನೆಯದು ಎಲ್ಲಿ ಎಂದು ಕೇಳಿ. ತಡವರಿಸಿದರೆ ಗುಡ್ಡದ ದಾರಿ ಇದ್ದೇ ಇದೆ.