10 ಗಿಗಾಹರ್ಟ್ಸ್‌ನಲ್ಲಿ ಡಿಕೋಡ್ ಏಕೆ ಬರುವುದಿಲ್ಲ?

ಮೈಕ್ರೋವೇವ್ ಬ್ಯಾಂಡ್‌ಗಳಿಗೆ ಹೊಸದಾಗಿ ಬರುವ ಹ್ಯಾಮ್ (ಹವ್ಯಾಸಿ ರೇಡಿಯೊ) ಮಿತ್ರರು ಮೊದಲು ಕೇಳುವುದು ಎಷ್ಟು ವಾಟ್ ಬೇಕೆಂದು. ಪರದೆಯ ಮೇಲೆ ಡಿಕೋಡ್, ಅಂದರೆ ಸಿಗ್ನಲ್‌ನಿಂದ ಬಿಡಿಸಿದ ಸಂದೇಶ, ಕಾಣಿಸದಿದ್ದರೆ ಅವರ ಕೈ ಆಂಪ್ಲಿಫಯರ್ ಕಡೆಗೇ ಹೋಗುತ್ತದೆ. ನಾನು ಕಂಡಂತೆ ಶಕ್ತಿ ಸಾಲದೆ ಕೆಡುವ ಸಂಪರ್ಕಗಳು ಕಡಿಮೆ. ಕಂಪನಾಂಕ ನಿಂತಲ್ಲಿ ನಿಲ್ಲದೆ, ಅಥವಾ ಸಿಗ್ನಲ್ ಸಾಗುವ ಹಾದಿಗೆ ಒಗ್ಗದ ಮೋಡ್ (ಸಂದೇಶ ಕಳುಹಿಸುವ ವಿಧಾನ) ಆರಿಸಿಕೊಂಡದ್ದರಿಂದ ಕೆಡುವಂಥವೇ ಹೆಚ್ಚು.

ಈ ಬ್ಯಾಂಡ್‌ಗಳಲ್ಲಿ ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಡಿಜಿಟಲ್ ಮೋಡ್ ಕ್ಯೂ65. 1993ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಜೋ ಟೇಲರ್ ಮತ್ತು ಅವರ ಸಂಗಡಿಗರು ರೂಪಿಸಿದ ಡಬ್ಲ್ಯುಎಸ್‌ಜೆಟಿ-ಎಕ್ಸ್ ತಂತ್ರಾಂಶಕ್ಕೆ ಅದು 2021ರಲ್ಲಿ ಸೇರಿತು. ಒಂದರ ಪಕ್ಕ ಒಂದರಂತೆ 65 ಸ್ವರಗಳನ್ನು ಜೋಡಿಸಿ, ಅವುಗಳಲ್ಲಿ ಒಂದನ್ನು ಕಾಲ ಹೊಂದಾಣಿಕೆಗೆ ಮೀಸಲಿಟ್ಟು, ಉಳಿದ 64ರಲ್ಲಿ ಸಂದೇಶವನ್ನು ಕಳುಹಿಸುವ ವಿಧಾನವಿದು. ಒಬ್ಬರು ಕಳುಹಿಸುವಾಗ ಇನ್ನೊಬ್ಬರು ಕೇಳುವ 60 ಸೆಕೆಂಡ್‌ಗಳ ಸರದಿಯಲ್ಲಿ ಪ್ರತಿ ಸ್ವರವೂ 0.6 ಸೆಕೆಂಡ್ ಕಾಲ ನಿಲ್ಲುತ್ತದೆ. 60ಎ ಎಂಬ ಅತಿ ಕಿರಿದಾದ ಮೋಡ್‌ನಲ್ಲಿ ಸ್ವರಗಳ ನಡುವಿನ ಅಂತರ ಕೇವಲ 1.67 ಹರ್ಟ್ಸ್. 2500 ಹರ್ಟ್ಸ್ ಅಗಲದ ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಮೈನಸ್ 27 ಡೆಸಿಬೆಲ್‌ನಷ್ಟು, ಅಂದರೆ ಗದ್ದಲದ ಸುಮಾರು 500ನೇ ಒಂದು ಪಾಲಿನಷ್ಟು ಇದ್ದರೂ ಅದು ಓದಿಕೊಳ್ಳುತ್ತದೆ. ಎಂಥ ಅನುಭವಿ ಮೋರ್ಸ್ ಕಿವಿಗೂ ಇದು ನಿಲುಕದು.

ಆದರೆ ಈ ಸೂಕ್ಷ್ಮತೆ ಪುಕ್ಕಟೆಯಾಗಿ ಸಿಗುವುದಿಲ್ಲ. 10,368 ಮೆಗಾಹರ್ಟ್ಸ್‌ನಲ್ಲಿ 1.67 ಹರ್ಟ್ಸ್ ಎಂದರೆ ಸುಮಾರು 620 ಕೋಟಿಯಲ್ಲಿ ಒಂದು ಪಾಲು. ದಶಲಕ್ಷದಲ್ಲಿ ಒಂದು ಪಾಲು ತಪ್ಪುವ ಸಾಧಾರಣ ಸ್ಫಟಿಕವನ್ನು ನಂಬಿದರೆ ಇಲ್ಲಿ 10 ಕಿಲೋಹರ್ಟ್ಸ್‌ಗೂ ಮಿಕ್ಕಿ ಆಚೀಚೆಯಾಗುತ್ತದೆ; ಎದುರಿನವರು ಕರೆಯುತ್ತಿದ್ದರೂ ಆ ಕರೆ ನಮ್ಮ ಪರದೆಯ ಹೊರಗೇ ಉಳಿಯುತ್ತದೆ. ಸ್ಥಿರವಾದ ತಪ್ಪನ್ನು ಹುಡುಕಿ ಸರಿಪಡಿಸಬಹುದು. ಸರದಿಯ ನಡುವೆಯೇ ಜಾರುವ ಕಂಪನಾಂಕವನ್ನು ತಂತ್ರಾಂಶ ಒಂದು ಮಿತಿಯವರೆಗೆ ಮಾತ್ರ ಸಹಿಸುತ್ತದೆ.

ಅಗ್ಗದ ಟಿವಿ ಡಿಶ್‌ನ ಪಿಎಲ್‌ಎಲ್ ಎಲ್‌ಎನ್‌ಬಿಯನ್ನೇ (ಡಿಶ್‌ನ ಮುಂದಿದ್ದು ಸಿಗ್ನಲ್ ಹಿಡಿದು ಅದರ ಕಂಪನಾಂಕವನ್ನು ಇಳಿಸುವ ಪುಟ್ಟ ಪೆಟ್ಟಿಗೆ) ತೆಗೆದುಕೊಳ್ಳಿ. ಒಳಗಿರುವ 25 ಮೆಗಾಹರ್ಟ್ಸ್ ಸ್ಫಟಿಕವನ್ನು 390 ಪಟ್ಟು ಹೆಚ್ಚಿಸಿ ಅದು 9750 ಮೆಗಾಹರ್ಟ್ಸ್ ಮಾಡಿಕೊಳ್ಳುತ್ತದೆ. ಸ್ಫಟಿಕ 1 ಹರ್ಟ್ಸ್ ಕದಲಿದರೆ ಹೊರಗೆ 390 ಹರ್ಟ್ಸ್ ಕದಲಿಕೆ. ತಾರಸಿಯ ಮೇಲೆ ಬಿಸಿಲು ಬಿದ್ದು, ಮೋಡ ಮುಸುಕಿ, ಗಾಳಿ ಬೀಸಿದಂತೆಲ್ಲ ಪರದೆಯ ವಾಟರ್‌ಫಾಲ್ ಚಿತ್ರದಲ್ಲಿ ಸಿಗ್ನಲ್‌ನ ಗೆರೆ ಓರೆಯಾಗಿ ಹರಿಯುವುದನ್ನು ಕಣ್ಣಾರೆ ನೋಡಬಹುದು. ಆದ್ದರಿಂದ ಹಣ ಹಾಕುವುದಾದರೆ ಮೊದಲು ಜಿಪಿಎಸ್‌ಗೆ ಕಟ್ಟಿದ 10 ಮೆಗಾಹರ್ಟ್ಸ್ ಆಸಿಲೇಟರ್‌ಗೆ ಹಾಕಿ, ಟ್ರಾನ್ಸ್‌ವರ್ಟರ್ (ರೇಡಿಯೊದ ಕಂಪನಾಂಕವನ್ನು ಮೈಕ್ರೋವೇವ್‌ಗೆ ಏರಿಸಿ ಇಳಿಸುವ ಸಲಕರಣೆ) ಮತ್ತು ರೇಡಿಯೊ ಎರಡಕ್ಕೂ ಅದನ್ನೇ ಆಧಾರವಾಗಿ ಕೊಡಿ. ವಾಟ್‌ಗಳ ಮಾತು ಆಮೇಲೆ.

ಸ್ಥಿರತೆಯನ್ನು ಪರೀಕ್ಷಿಸಲು ನಮ್ಮ ಆಕಾಶದಲ್ಲೇ ಒಂದು ಅನುಕೂಲವಿದೆ. 2018ರ ನವೆಂಬರ್‌ನಲ್ಲಿ ಉಡಾವಣೆಯಾದ ಕತಾರ್‌ನ ಎಸ್‌ಹೇಲ್-2 ಉಪಗ್ರಹದಲ್ಲಿ ಹವ್ಯಾಸಿಗಳಿಗೆಂದೇ ಇಟ್ಟಿರುವ ಮರುಪ್ರಸಾರಕ ಕ್ಯೂಒ-100, 10,489.5 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ ಸದಾ ಬೀಕನ್‌ಗಳನ್ನು (ಗುರುತಿಗಾಗಿ ಎಡೆಬಿಡದೆ ಬರುವ ಸಿಗ್ನಲ್‌ಗಳನ್ನು) ಬಿತ್ತರಿಸುತ್ತದೆ. ಬೆಂಗಳೂರಿನಿಂದ ನೋಡಿದರೆ ಅದು ಬಹುತೇಕ ಪಶ್ಚಿಮಕ್ಕೆ, ಉತ್ತರದಿಂದ ಸುಮಾರು 260 ಡಿಗ್ರಿ ದಿಕ್ಕಿನಲ್ಲಿ, 30 ಡಿಗ್ರಿಯಷ್ಟು ಎತ್ತರದಲ್ಲಿದೆ. ಬೀಕನ್ ಹಿಡಿದು ಅರ್ಧ ಗಂಟೆ ಸುಮ್ಮನೆ ಗಮನಿಸಿದರೆ ಜಾರಾಟ ನಮ್ಮ ಸಲಕರಣೆಯದೇ ಎಂಬುದು ಗೊತ್ತಾಗುತ್ತದೆ, ಏಕೆಂದರೆ ಭೂಸ್ಥಿರ ಉಪಗ್ರಹದ ಡಾಪ್ಲರ್ (ಚಲನೆಯಿಂದಾಗುವ ಕಂಪನಾಂಕದ ಬದಲಾವಣೆ) ತೀರ ಅಲ್ಪ.

ಕಂಪನಾಂಕ ನಿಂತ ಮೇಲೆ ಹಾದಿಯ ವಿಚಾರ. ಎರಡು ಬೆಟ್ಟಗಳ ನಡುವಿನ ನೇರ ನೋಟದಲ್ಲಿ ಸ್ವರ ಹೋದ ಹಾಗೆಯೇ ತಲುಪುತ್ತದೆ. ಅಲ್ಲಿ 60ಎ ಸೊಗಸಾಗಿ ನಡೆಯುತ್ತದೆ. ಮಳೆಮೋಡದ ಮೇಲೆ ಚದುರಿ ಬರುವ ಸಿಗ್ನಲ್‌ನ ಬಗೆ ಬೇರೆ. ಇಬ್ಬರೂ ಡಿಶ್‌ಗಳನ್ನು ಪರಸ್ಪರರ ಕಡೆಗಲ್ಲ, ಇಬ್ಬರಿಗೂ ಕಾಣುವ ಎತ್ತರದ ಗುಡುಗುಮೋಡದ ಕಡೆಗೆ ತಿರುಗಿಸಬೇಕು. ಅಲ್ಲಿ ಕೋಟ್ಯಂತರ ಹನಿಗಳು ಬೇರೆ ಬೇರೆ ವೇಗದಲ್ಲಿ ಬೀಳುತ್ತ, ಗಾಳಿಗೆ ಸಿಕ್ಕಿ ಹಾರುತ್ತ ಇರುವುದರಿಂದ ಒಂದೊಂದು ಹನಿಯೂ ತನ್ನದೇ ಡಾಪ್ಲರ್ ಸೇರಿಸುತ್ತದೆ. ಒಂದೇ ಸ್ವರ ಹತ್ತಾರು ಹರ್ಟ್ಸ್ ಅಗಲಕ್ಕೆ, ಕೆಲವೊಮ್ಮೆ ಇನ್ನೂ ಹೆಚ್ಚು ಅಗಲಕ್ಕೆ ಹರಡಿಕೊಳ್ಳುತ್ತದೆ. ಮಾತಿನಲ್ಲಿ ಕೇಳಿದರೆ ಗಂಟಲು ಕಟ್ಟಿದವರ ಪಿಸುಮಾತಿನಂತಿರುತ್ತದೆ. ಇಂಥ ಸಿಗ್ನಲ್‌ಗೆ 60ಎ ಹಾಕಿ ಕುಳಿತರೆ ಗದ್ದಲಕ್ಕಿಂತ ಸ್ಪಷ್ಟವಾಗಿ ಮೇಲಿರುವ ಸಿಗ್ನಲ್ ಕೂಡ ಡಿಕೋಡ್ ಆಗುವುದಿಲ್ಲ. 60ಡಿಯಲ್ಲಿ ಸ್ವರಗಳ ಅಂತರ 13.3 ಹರ್ಟ್ಸ್, 60ಇಯಲ್ಲಿ 26.7 ಹರ್ಟ್ಸ್, ಅವನ್ನು ಆರಿಸಿದೊಡನೆ ಅದೇ ಸಿಗ್ನಲ್ ಅಕ್ಷರವಾಗಿ ಬೀಳುತ್ತದೆ. ಚಂದ್ರನಿಂದ ಪ್ರತಿಫಲಿಸುವ ಸಿಗ್ನಲ್‌ಗೂ ಹೆಚ್ಚುಕಡಿಮೆ ಇದೇ ತರ್ಕ, ಏಕೆಂದರೆ ಚಂದ್ರಬಿಂಬದ ಒಂದು ಅಂಚು ನಮ್ಮತ್ತ ಸರಿಯುವಾಗ ಇನ್ನೊಂದು ದೂರ ಸರಿಯುತ್ತಿರುತ್ತದೆ. ವಿಮಾನದಿಂದ ಚದುರುವ ಸಿಗ್ನಲ್ ಹರಡುವುದಕ್ಕಿಂತ ಓಡುವುದೇ ಹೆಚ್ಚು. ಅದಕ್ಕೆ 15 ಅಥವಾ 30 ಸೆಕೆಂಡ್‌ಗಳ ಸರದಿಯೇ ಸರಿ.

ಡಿಶ್‌ನ ಗುರಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 60 ಸೆಂಟಿಮೀಟರ್ ಡಿಶ್‌ನ ಕಿರಣದ ಅಗಲ ಸುಮಾರು 3.4 ಡಿಗ್ರಿ. ವಾಹನದ ಕಬ್ಬಿಣದ ಪಕ್ಕದಲ್ಲಿ ಹಿಡಿದ ದಿಕ್ಸೂಚಿಯನ್ನು ನಂಬದೆ, ಸೂರ್ಯನ ದಿಕ್ಕನ್ನು ಲೆಕ್ಕ ಹಾಕಿ ಕೋನಮಾಪಕವನ್ನು ಹೊಂದಿಸಿಕೊಳ್ಳುವುದು ಲೇಸು.

ಡಿಕೋಡ್ ಬಂದ ಸಾಲಿನ ಕೊನೆಯ ಗುರುತನ್ನು ಓದುವ ಅಭ್ಯಾಸವೂ ಬೇಕು. ಕ್ಯೂ0 ಎಂದಿದ್ದರೆ ಸಂದೇಶವನ್ನು ಪೂರ್ತಿಯಾಗಿ ಸಿಗ್ನಲ್‌ನಿಂದಲೇ ತೆಗೆಯಲಾಗಿದೆ. ಕ್ಯೂ3 ಎಂದಿದ್ದರೆ ನಾವು ಮೊದಲೇ ತುಂಬಿಸಿಟ್ಟ ಎರಡೂ ಕಾಲ್‌ಸೈನ್‌ಗಳನ್ನು (ಕೇಂದ್ರಗಳ ಗುರುತಿನ ಹೆಸರುಗಳನ್ನು) ತಂತ್ರಾಂಶ ಊಹೆಗೆ ಬಳಸಿಕೊಂಡಿದೆ. ಇದು ಮೋಸವಲ್ಲ, ಆದರೂ ತೀರ ದುರ್ಬಲವಾದ ಕ್ಯೂ3 ಒಂದೇ ಒಂದು ಸಲ ಬಂದರೆ ಇನ್ನೊಂದು ಸರದಿ ಕಾಯುವುದು ನನ್ನ ಪದ್ಧತಿ. ಪಕ್ಕದಲ್ಲಿ ಫೋನ್ ಹಿಡಿದು ಡಿಶ್‌ನ ದಿಕ್ಕು, ಕಂಪನಾಂಕ, ಯಾರು ಮೊದಲು ಕಳುಹಿಸಬೇಕು ಎಂಬುದನ್ನು ಮಾತಾಡಿಕೊಳ್ಳಬಹುದು. ಸಿಗ್ನಲ್ ವರದಿಯಾಗಲಿ, ಅದು ತಲುಪಿತೆಂಬ ಒಪ್ಪಿಗೆಯಾಗಲಿ ಫೋನಿನಲ್ಲಿ ದಾಟಿದ ಸಂಪರ್ಕವನ್ನು ನಾನು ಲಾಗ್‌ಗೆ (ಸಂಪರ್ಕಗಳ ದಾಖಲೆಗೆ) ಸೇರಿಸುವುದಿಲ್ಲ.