ಬೆಳಕನ್ನು ಹೀರಬೇಕಾದ ಹರಳು ಬೆಳಕಿಗೇ ಕೆಡುವುದೇಕೆ?

ಪ್ರಶ್ನೆ: ಸೌರಕೋಶಗಳಿಗೆ ಬಳಸುವ, ಅಯೋಡೈಡ್, ಬ್ರೋಮೈಡ್‌ಗಳಂಥ ಅಯಾನುಗಳಿರುವ ಹ್ಯಾಲೈಡ್ ಪೆರೋವ್‌ಸ್ಕೈಟ್ ಹರಳುಗಳು ಬೆಳಕಿನಲ್ಲಿ ಹಾಳಾಗುತ್ತವೆಯಂತೆ. ಬೆಳಕು ಹೀರುವುದೇ ಅವುಗಳ ಕೆಲಸವಾಗಿರುವಾಗ ಹೀಗೇಕಾಗುತ್ತದೆ?

ಉತ್ತರ: ಹರಳನ್ನು ಕೆಡಿಸುವುದು ಬೆಳಕು ಎನ್ನುವುದಕ್ಕಿಂತ, ಬೆಳಕು ಬಿಡಿಸಿದ ವಿದ್ಯುದಾವೇಶಗಳು ಹೊರಗೆ ಹರಿಯದೆ ಒಳಗೇ ಉಳಿದು ಮಾಡುವ ರಾಸಾಯನಿಕ ಕೆಲಸ ಎನ್ನುವುದು ಹೆಚ್ಚು ಸರಿ.

ಹೆಚ್ಚು ಅಧ್ಯಯನಕ್ಕೆ ಒಳಗಾಗಿರುವ ಮೀಥೈಲ್‌ಅಮೋನಿಯಂ ಸೀಸದ ಅಯೋಡೈಡನ್ನೇ ತೆಗೆದುಕೊಳ್ಳೋಣ. ಸಾಮಾನ್ಯ ಸೌರಕೋಶಗಳ ಸಿಲಿಕಾನ್ ಕರಗಲು 1414 ಡಿಗ್ರಿ ಸೆಲ್ಸಿಯಸ್ ಬೇಕು; ಈ ಹರಳಾದರೋ ದ್ರಾವಣವನ್ನು ಗಾಜಿನ ಮೇಲೆ ಹರಡಿ ಸುಮಾರು 100 ಡಿಗ್ರಿಯಲ್ಲಿ ಒಣಗಿಸಿದರೆ ಮೂಡಿಬಿಡುತ್ತದೆ. ಅಷ್ಟು ಸುಲಭವಾಗಿ ಕಟ್ಟಿಕೊಂಡದ್ದು ಅಷ್ಟೇ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ಒಳಗಿನ ಅಯೋಡೈಡ್ ಅಯಾನುಗಳು ಕೋಣೆಯ ಉಷ್ಣತೆಯಲ್ಲೇ ಖಾಲಿ ಸ್ಥಾನದಿಂದ ಖಾಲಿ ಸ್ಥಾನಕ್ಕೆ ಜಿಗಿಯುತ್ತಿರುತ್ತವೆ. ಘನವಸ್ತುವಿಗೆ ಇದು ತುಸು ವಿಚಿತ್ರವಾದ ನಡತೆಯೇ ಸರಿ.

ಬೆಳಕು ಬಿದ್ದಾಗ ಒಂದು ಎಲೆಕ್ಟ್ರಾನು ಮೇಲೇರಿ, ಅದರ ಜಾಗದಲ್ಲಿ ಧನಾವೇಶದ ‘ರಂಧ್ರ’ ಉಳಿಯುತ್ತದೆ. ಆ ರಂಧ್ರ ಅಯೋಡೈಡ್ ಅಯಾನೊಂದರ ಮೇಲೆ ನಿಂತುಬಿಟ್ಟರೆ ಅಯಾನು ಆವೇಶ ಕಳೆದುಕೊಂಡು ಅಯೋಡಿನ್ ಪರಮಾಣುವಾಗುತ್ತದೆ. ಅಂಥ ಎರಡು ಕೂಡಿ ಅಯೋಡಿನ್ ಅಣುವಾಗಿ, ಮೇಲ್ಮೈಗೆ ಬಂದು ಆವಿಯಾಗಿ ಹೋಗಬಹುದು. ಇತ್ತ ಎಲೆಕ್ಟ್ರಾನುಗಳನ್ನು ಪಡೆದ ಸೀಸದ ಅಯಾನುಗಳು ಲೋಹದ ಸೀಸವಾಗಿ ಅಲ್ಲಲ್ಲಿ ನಿಲ್ಲುತ್ತವೆ.

ಇದಕ್ಕೆ ಆಮ್ಲಜನಕ ಸೇರಿದರೆ ಕೆಡುಕು ಬಹಳ ಬೇಗ ನಡೆಯುತ್ತದೆ. ಒಣಗಾಳಿಯಲ್ಲಿ, ಕತ್ತಲಲ್ಲಿ ಇಟ್ಟ ಹರಳು ಬಹುಕಾಲ ಚೆನ್ನಾಗಿಯೇ ಇರುತ್ತದೆ; ಅದೇ ಒಣಗಾಳಿಯಲ್ಲಿ ಅದರ ಮೇಲೆ ಬೆಳಕು ಬೀಳಿಸಿದರೆ, ಮೇಲೇರಿದ ಎಲೆಕ್ಟ್ರಾನನ್ನು ಆಮ್ಲಜನಕ ಕಸಿದುಕೊಂಡು, ಋಣಾವೇಶದ ಚುರುಕು ಅಯಾನಾದ ಸೂಪರ್‌ಆಕ್ಸೈಡ್ ಆಗುತ್ತದೆ. ಅದು ಮೀಥೈಲ್‌ಅಮೋನಿಯಂನಿಂದ ಪ್ರೋಟಾನನ್ನು ಕಿತ್ತುಕೊಳ್ಳುತ್ತದೆ. ಕೊನೆಗೆ ಉಳಿಯುವುದು ಸೀಸದ ಅಯೋಡೈಡ್, ಅಯೋಡಿನ್, ಮೀಥೈಲ್‌ಅಮೀನ್ ಮತ್ತು ನೀರು. ಕಪ್ಪು ಪದರ ಹಳದಿಗೆ ತಿರುಗುವುದು ಈ ಸೀಸದ ಅಯೋಡೈಡಿನಿಂದ.

ಬೆಳಕಿನಿಂದಾಗುವ ಬದಲಾವಣೆಗಳೆಲ್ಲವೂ ನಾಶವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಅಯೋಡೈಡ್ ಮತ್ತು ಬ್ರೋಮೈಡ್ ಬೆರೆತ ಹರಳುಗಳಲ್ಲಿ ಬೆಳಕು ಬಿದ್ದಾಗ ಅವೆರಡೂ ಬೇರೆ ಬೇರೆ ಗುಂಪುಗಳಾಗಿ ಕೂಡಿಕೊಳ್ಳುತ್ತವೆ; ಕತ್ತಲಲ್ಲಿಟ್ಟರೆ ಮತ್ತೆ ಬೆರೆಯುತ್ತವೆ. 2015ರಲ್ಲಿ ವರದಿಯಾದ ಇದನ್ನು ‘ಹೋಕ್ ಪರಿಣಾಮ’ ಎನ್ನುತ್ತಾರೆ.

ಆವೇಶಗಳೇ ಕಾರಣವೆನ್ನಲು ಒಂದು ಸ್ಪಷ್ಟ ಸೂಚನೆಯಿದೆ: ಒಂದೇ ಬೆಳಕಿನಡಿ, ವಿದ್ಯುತ್ ಮಂಡಲವನ್ನು ತೆರೆದಿಟ್ಟ, ಅಂದರೆ ವಿದ್ಯುತ್ ಹೊರಗೆ ಹರಿಯದ, ಕೋಶವು ವಿದ್ಯುತ್ ಹರಿಸುತ್ತಿರುವ ಕೋಶಕ್ಕಿಂತ ಸಾಮಾನ್ಯವಾಗಿ ಬೇಗ ಕೆಡುತ್ತದೆ. ಆದುದರಿಂದ ಬಾಳಿಕೆಯ ಅಂಕಿಯನ್ನು ನೋಡುವಾಗ ಕೋಶವನ್ನು ಯಾವ ಸ್ಥಿತಿಯಲ್ಲಿ ಪರೀಕ್ಷಿಸಿದರು ಎಂಬುದನ್ನೂ ನೋಡದಿದ್ದರೆ ಆ ಅಂಕಿಗೆ ಹೆಚ್ಚಿನ ಅರ್ಥವಿಲ್ಲ.

ಪರಿಹಾರಗಳೂ ಈ ದಾರಿಯಲ್ಲೇ ಸಾಗಿವೆ. ಸುಲಭವಾಗಿ ಪ್ರೋಟಾನು ಬಿಟ್ಟುಕೊಡುವ ಮೀಥೈಲ್‌ಅಮೋನಿಯಂ ಬದಲು ಫಾರ್ಮಮಿಡಿನಿಯಂ ಮತ್ತು ಸೀಸಿಯಂ ಬಳಸುತ್ತಾರೆ. ಆವೇಶಗಳು ಸಿಕ್ಕಿಬೀಳುವ ಹರಳುಕಣಗಳ ಅಂಚುಗಳನ್ನು ಬೇರೆ ಅಣುಗಳಿಂದ ಮುಚ್ಚುತ್ತಾರೆ. ಗಾಜಿನ ನಡುವೆ ಬಿಗಿಯಾಗಿ ಮುಚ್ಚಿದರೆ ಆಮ್ಲಜನಕ ಒಳಬರುವುದಿಲ್ಲ, ಅಯೋಡಿನ್ ಹೊರಹೋಗುವುದೂ ಇಲ್ಲ. ಆದರೆ ಒಳಗೇ ಅಲೆಯುವ ಅಯೋಡೈಡನ್ನು ಗಾಜು ತಡೆಯಲಾರದು: ಅದು ಬೆಳ್ಳಿಯ ವಿದ್ಯುದ್ವಾರವನ್ನು ತಲುಪಿದರೆ ಅಲ್ಲಿ ಬೆಳ್ಳಿಯ ಅಯೋಡೈಡ್ ಬೆಳೆಯತೊಡಗುತ್ತದೆ.